ಜಪಾನಿನಲ್ಲಿ ಬಲಗಡೆ ಬಾಕ್ಸು

ಬಂಗಾರಪೇಟೆ

ಜಪಾನಿಗೆ ಹೋಗಿ ಬಂದೆ ಅಂದರೆ ನಮ್ಮ ಬಂಗಾರಪೇಟೆಯಲ್ಲಿ ಯಾರೂ ಜಪಾನ್ ಹೇಗಿತ್ತು ಎಂದು ಕೇಳುವುದಿಲ್ಲ. ‘ಯಾರು ಕರ್ಕೊಂಡೋದ್ರು?’ ಎಂದು ಕೇಳುತ್ತಾರೆ. ಇಲ್ಲೇ ನಿಜ ಹೇಳಿಬಿಡುತ್ತೇನೆ, ಮುಂದೆ ಸುಳ್ಳು ಹೇಳುವ ಕಷ್ಟ ಇರುವುದಿಲ್ಲ. ಹೆಂಡತಿ ಕರೆದುಕೊಂಡು ಹೋದಳು. ಅವಳ ಹತ್ತಿರ ಎರಡು ಲಗೇಜು ಇತ್ತು, ಅದರಲ್ಲಿ ಒಂದು ನಾನು.

ನನ್ನ ಹೆಸರು ನಾರಾಯಣಸ್ವಾಮಿ. ಮೈಕ್‌ಸೆಟ್ ನಾರಾಯಣಸ್ವಾಮಿ ಅಂದರೆ ಬಂಗಾರಪೇಟೆಯಿಂದ ಕ್ಯಾಸಂಬಳ್ಳಿಯವರೆಗೂ ಗೊತ್ತು. ಇಪ್ಪತ್ತೈದು ವರ್ಷದಿಂದ ಮದುವೆಗೂ ನನ್ನ ಸ್ಪೀಕರ್ ಬಾಕ್ಸು, ಚುನಾವಣೆಗೂ ನನ್ನ ಬಾಕ್ಸು, ತಿಥಿಗೂ ನನ್ನ ಬಾಕ್ಸು. ನನ್ನ ಮದುವೆಗೂ ಮೈಕ್‌ಸೆಟ್ ನನ್ನದೇ. ಧಾರೆಯ ಹೊತ್ತಿಗೆ ಸರಿಯಾಗಿ ಆಂಪ್ಲಿಫೈಯರ್ ಕಾದು ವಾಸನೆ ಬಂದು ನಾನು ಮಣೆಯಿಂದ ಎದ್ದು ಹೋದೆ. ಪದ್ಮ ಅದನ್ನು ಇವತ್ತಿಗೂ ಮರೆತಿಲ್ಲ. ಪುರೋಹಿತರೇ ಮರೆತರು, ಇವಳು ಮರೆಯಲಿಲ್ಲ.

ಪದ್ಮ ನರಸಾಪುರದ ಕಡೆ ಒಂದು ಜಪಾನಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಕಂಪನಿ ಬಸ್ಸು ಹತ್ತಿದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾಳೆ. ಒಂದೇ ಕಿವಿಗೆ. ಇನ್ನೊಂದು ಕಿವಿ ಮನೆಗೆ, ಬಸ್ಸಿಗೆ, ಸೂಪರ್‌ವೈಸರಿಗೆ. ಅದರಲ್ಲಿ ಹಾಡುತ್ತಿದ್ದದ್ದು ಒಬ್ಬ ಜಪಾನಿ ಹುಡುಗಿ. ಕಾರ್ಖಾನೆಗೆ ಎರಡು ವರ್ಷಕ್ಕೆಂದು ಬಂದಿದ್ದ ಯುಮಿಕೊ ಎಂಬ ಇಂಜಿನಿಯರಮ್ಮ ಹಚ್ಚಿಕೊಟ್ಟು ಹೋದ ಚಟ ಅದು. ಆ ಗಾಯಕಿಯ ಹೆಸರನ್ನು ನಾನು ಹೇಳಿದಾಗಲೆಲ್ಲ ಯುಮಿಕೊ ನಗುತ್ತಿದ್ದರು. ಹಾಗಾಗಿ ಇಲ್ಲಿ ಬರೆಯಲು ಹೋಗುವುದಿಲ್ಲ. ನಾನು ಆಯಮ್ಮ ಎಂದೇ ಕರೆಯುವುದು.

ಒಂದು ಸಲ ಪದ್ಮ, ಆಯಮ್ಮನ ಹಾಡನ್ನು ನನ್ನ ದೊಡ್ಡ ಬಾಕ್ಸಿನಲ್ಲಿ ಒಂದೇ ಒಂದು ಸಲ ಹಾಕು ಎಂದು ಕೇಳಿದಳು. ಇಯರ್‌ಫೋನ್ ತೆಗೆದುಕೊಂಡು ಬಲಗಿವಿಗೆ ಇಟ್ಟು ನೋಡಿದೆ. ದಮ್ ದಮ್ ಎಂದು ಡ್ರಮ್ಮು, ಹಿಂದೆ ಎಲ್ಲೋ ದೂರದಲ್ಲಿ ಹತ್ತಿ ಬಾಯಿಗೆ ತುರುಕಿಕೊಂಡ ಹಾಗೆ ಒಂದು ಸದ್ದು. ‘ಬೆಕ್ಕು ಕೂಗೋದಕ್ಕೆ ನನ್ ಬಾಕ್ಸ್ ಯಾಕೆ’ ಅಂದೆ. ಅವಳು ಇಯರ್‌ಫೋನ್ ಸುತ್ತಿ ಪರ್ಸಿಗೆ ಹಾಕಿಕೊಂಡಳು. ಮತ್ತೆ ಕೇಳಲಿಲ್ಲ.

ಆಮೇಲೆ ಕಾರ್ಖಾನೆಯ ಸಲಹೆ ಡಬ್ಬಿಗೆ ಪದ್ಮ ಒಂದು ಚೀಟಿ ಹಾಕಿದಳು. ಬಿಡಿಭಾಗದ ಟ್ರೇಗಳನ್ನು ಬಲಕ್ಕೆ ಇಡುವ ಬದಲು ಎಡಕ್ಕೆ ಇಟ್ಟರೆ ಕೈ ಅಡ್ಡ ಬರುವುದಿಲ್ಲ ಅಂತ, ಅಷ್ಟೇ. ನಮ್ಮ ಮನೆಯಲ್ಲಿ ಅವಳು ದಿನಕ್ಕೆ ಇಂಥ ಹತ್ತು ಸಲಹೆ ಕೊಡುತ್ತಾಳೆ, ಒಂದು ಟೀ ಕೂಡ ಸಿಗುವುದಿಲ್ಲ. ಜಪಾನಿನವರು ಮಾತ್ರ ಮೆಚ್ಚಿ, ಜೊತೆಗೊಬ್ಬರನ್ನು ಕರೆದುಕೊಂಡು ನಮ್ಮ ದೊಡ್ಡ ಕಾರ್ಖಾನೆ ನೋಡಲು ಬನ್ನಿ ಎಂದು ಬರೆದರು. ಅದೇ ವಾರ ಆಯಮ್ಮನ ಹೊಸ ಆಲ್ಬಂ ಬಿಡುಗಡೆ. ನಾಲ್ಕು ವರ್ಷ ಬಾಯಿ ಬಿಡದೆ ಕೂತಿದ್ದ ಆಯಮ್ಮ ಈಗ ಒಂಬತ್ತು ಹಾಡು ಹಾಡಿದ್ದಾಳಂತೆ. ಕೊನೆಯದು ಅವಳೇ ಬರೆದದ್ದಂತೆ. ಯುಮಿಕೊ ಫೋನು ಮಾಡಿ, ಬಿಡುಗಡೆಯ ದಿನ ಅದನ್ನು ಕೂತು ಕೇಳುವ ಒಂದು ಜಾಗದಲ್ಲಿ ಎರಡು ಸೀಟು ಹಿಡಿದಿದ್ದೇನೆ ಎಂದರು.

ಪದ್ಮ ನನ್ನ ಮುಖ ನೋಡಿ ಹೇಳಿದಳು, ‘ಎರಡು ಕಿವೀಲೂ ಕೇಳ್ತೀನಿ ಕಣಯ್ಯ. ನನ್ ಜೀವ್‌ಮಾನ್ದಾಗೆ ಒಂದ್ ಗಂಟೆ. ಅಲ್ಲಿ ನಿನ್ ಬಾಯಿ ಮುಚ್ಕೊಂಡಿರ್ಬೇಕು.’

ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟೆ. ಕೈ ಬಗ್ಗೆ ಅವಳು ಏನೂ ಹೇಳಿರಲಿಲ್ಲ.

ವಿಮಾನ

ವಿಮಾನದಲ್ಲಿ ಪದ್ಮನಿಗೆ ಕಿಟಕಿ ಸೀಟು ಬಂದಿತ್ತು. ಕೂತು ನೋಡಿ, ಎದ್ದು, ನನ್ನನ್ನು ಕಿಟಕಿಗೆ ತಳ್ಳಿ ತಾನು ಎಡಗಡೆ ಕೂತಳು. ಪರವಾಗಿಲ್ಲ, ಗಂಡ ಅಂತ ಮರ್ಯಾದೆ ಉಳಿದಿದೆ ಎಂದುಕೊಂಡೆ. ಇಯರ್‌ಫೋನಿನ ಒಂದು ತುದಿಯನ್ನು ನನ್ನ ಎಡಗಿವಿಗೆ ಸಿಕ್ಕಿಸಿದಳು. ಆಯಮ್ಮ ಹಾಡಿದಳು. ಅವತ್ತಿಗಿಂತ ಪರವಾಗಿಲ್ಲ ಅನಿಸಿತು. ‘ಈಗ ರೆಕಾರ್ಡಿಂಗ್ ಸುಧಾರಿಸವ್ರೆ’ ಅಂದೆ.

‘ಅದೇ ಹಳೇ ಆಡು’ ಎಂದಳು ಪದ್ಮ. ನನ್ನ ಎಡಗಿವಿಯ ತುದಿಯನ್ನು ಇನ್ನಷ್ಟು ಒತ್ತಿ, ಕಣ್ಣು ಮುಚ್ಚಿಕೊಂಡಳು.

ಊಟಕ್ಕೆ ತಟ್ಟೆಯಲ್ಲಿ ಒಂದು ಬಟ್ಟಲು ತಿಳಿನೀರು ಕೊಟ್ಟರು. ಬಂಗಾರಪೇಟೆಯವರಿಗೆ ತಿಳಿನೀರು ಕಂಡರೆ ಬೇರೆ ಯೋಚನೆಯೇ ಬರುವುದಿಲ್ಲ. ನಮ್ಮ ಪಾನಿಪುರಿಯ ಪಾನಿ ನೋಡಲು ನಲ್ಲಿ ನೀರು, ಬಾಯಿಗೆ ಬಿದ್ದರೆ ಬೆಂಕಿ. ಆ ಧೈರ್ಯದಲ್ಲಿ ಒಂದೇ ಗುಟುಕಿಗೆ ಎತ್ತಿಬಿಟ್ಟೆ. ಅದು ಸುಡುಸುಡು ಮೀನಿನ ಸಾರು. ಖಾರ ಇಲ್ಲದೆ ಬಾಯಿ ಸುಟ್ಟುಕೊಂಡದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಯುಮಿಕೊ ಅವರ ಊರು

ನಗೋಯ ಪಟ್ಟಣದಿಂದ ರೈಲಿನಲ್ಲಿ ಸ್ವಲ್ಪ ದೂರದ ಊರು. ಯುಮಿಕೊ ಸ್ಟೇಷನ್ನಿಗೇ ಬಂದು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಆಮೇಲೆ ನರಸಾಪುರದಲ್ಲಿ ಕಲಿತಿದ್ದ ಕನ್ನಡವನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ‘ಊಟ ಆಯ್ತಾ, ಬೇಗ ಬೇಗ, ಹುಷಾರು, ಅಕ್ಕ.’ ಕಾರ್ಖಾನೆ ನಡೆಸಲು ಇದಕ್ಕಿಂತ ಹೆಚ್ಚು ಕನ್ನಡ ಬೇಕಾಗಿಲ್ಲ.

ಆ ದೇಶದ ರೈಲಿನ ವಿಷಯ ಹೇಳಬೇಕು. ಡಬ್ಬಿ ತುಂಬ ಜನ, ಒಬ್ಬರೂ ಮಾತಾಡುವುದಿಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ನಮ್ಮ ರೈಲಿನಲ್ಲಿ ಬಂಗಾರಪೇಟೆ ಬರುವಷ್ಟರಲ್ಲಿ ಎದುರಿನವನ ಸಂಬಳ, ಸಕ್ಕರೆ ಕಾಯಿಲೆ, ಮೈದುನನ ಜಗಳ ಎಲ್ಲ ಗೊತ್ತಾಗಿರುತ್ತದೆ. ಅದೂ ಮೂರು ಭಾಷೆಯಲ್ಲಿ. ಇಲ್ಲಿ ನಾನು ಸೀನಿದೆ. ಆರು ಜನ ತಿರುಗಿ ನೋಡಿ, ನೋಡಿದ್ದಕ್ಕೆ ನಾಚಿಕೊಂಡು ತಲೆ ತಗ್ಗಿಸಿದರು.

ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಪದ್ಮ ನಿಂತಳು. ‘ಅಕ್ಕಿ ಕೂಗ್ತೈತೆ ನೋಡು, ಎಷ್ಟ್ ಚೆನ್ನಾಗೈತೆ.’

ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. ಹಕ್ಕಿಯೂ ಇಲ್ಲ, ಗೂಡೂ ಇಲ್ಲ. ಕಣ್ಣು ಕಾಣದವರಿಗೆ ಮೆಟ್ಟಿಲು ಎಲ್ಲಿದೆ ಎಂದು ತಿಳಿಯಲು ಸ್ಪೀಕರಿನಲ್ಲಿ ಹಕ್ಕಿಯ ದನಿ ಹಾಕುತ್ತಾರೆ ಎಂದು ಯುಮಿಕೊ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರು. ‘ಕೆಟ್ಟೋಗೈತೆ, ಬರ್ತಿಲ್ಲ’ ಎಂದು ನಾನು ತೀರ್ಪು ಕೊಟ್ಟೆ. ಪದ್ಮನೂ ಯುಮಿಕೊ ಅವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರ ರಾಜಕೀಯ ಎಂದು ಬಿಟ್ಟೆ.

ಸಂಜೆ ಐದಕ್ಕೆ ಮಾತ್ರ ನನ್ನ ಎದೆ ತುಂಬಿತು. ಆ ಊರಿನಲ್ಲಿ ಕಂಬಕಂಬಕ್ಕೆ ನಮ್ಮ ಹಾರ್ನ್ ಸ್ಪೀಕರು ಕಟ್ಟಿದ್ದಾರೆ. ದಿನಾ ಐದಾದರೆ ಇಡೀ ಊರಿಗೆ ಒಂದು ರಾಗ ಹಾಕುತ್ತಾರೆ. ಮಕ್ಕಳು ಆಟ ಬಿಟ್ಟು ಮನೆಗೆ ಹೋಗಲಿ ಅಂತ. ಊರಿಗೇ ಒಂದು ಮೈಕ್‌ಸೆಟ್, ಅದೂ ಪ್ರತಿದಿನ. ಈ ದೇಶ ಯಾಕೆ ಮುಂದುವರಿದಿದೆ ಎಂದು ನನಗೆ ಆಗ ಅರ್ಥವಾಯಿತು. ಕಂಬದ ಕೆಳಗೆ ನಿಂತು ಕೈ ಮುಗಿದೆ. ಒಬ್ಬ ಅಜ್ಜಿ ನನಗೆ ತಿರುಗಿ ನಮಸ್ಕಾರ ಮಾಡಿ ಹೋದರು.

ಸಿಡಿ ಅಂಗಡಿ

ಬಿಡುಗಡೆಯ ದಿನ ಬೆಳಿಗ್ಗೆ ಸಿಡಿ ಕೊಳ್ಳಲು ಹೋದೆವು. ಸಿಡಿ ಎಂಬುದನ್ನು ನಮ್ಮ ಕಡೆ ಈಗ ರಾಗಿ ಹೊಲದಲ್ಲಿ ದಾರಕ್ಕೆ ಕಟ್ಟುತ್ತಾರೆ, ಗಾಳಿಗೆ ಮಿಂಚಿದರೆ ಹಕ್ಕಿ ಬರುವುದಿಲ್ಲ. ಇಲ್ಲಿ ಮೂರು ಮಹಡಿ ಸಿಡಿ. ಆಯಮ್ಮನ ಆಲ್ಬಂ ಮೂರು ಬಗೆಯ ಹೊದಿಕೆಯಲ್ಲಿ ಬಂದಿತ್ತು. ಒಳಗೆ ಹಾಡು ಅದೇ, ಮೇಲೆ ಫೋಟೊ ಬೇರೆ. ಕೋಟು ಹಾಕಿದ ಗಂಡಸರು, ನನ್ನ ವಯಸ್ಸಿನವರು, ಮೂರನ್ನೂ ಎದೆಗವುಚಿಕೊಂಡು ಸಾಲಿನಲ್ಲಿ ನಿಂತಿದ್ದರು. ಯಾರೂ ತಳ್ಳಲಿಲ್ಲ. ತಳ್ಳದೆ ಮುಂದೆ ಹೋಗುವುದು ಹೇಗೆ ಎಂದು ತಿಳಿಯದೆ ನಾನು ಇದ್ದಲ್ಲೇ ಇದ್ದೆ.

ಪದ್ಮ ಒಂದನ್ನೇ ತೆಗೆದುಕೊಂಡಳು. ಅಂಗಡಿಯ ಹುಡುಗಿ ಅದನ್ನು ಸುತ್ತಿ, ಎರಡೂ ಕೈಯಲ್ಲಿ ಕೊಟ್ಟಳು. ಪದ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ನಮ್ಮಲ್ಲಿ ಆಯುಧಪೂಜೆಯ ದಿನ ಅವಳು ಮೈಕ್‌ಸೆಟ್ಟಿನ ದನಿ ಏರಿಳಿಸುವ ನನ್ನ ಮಿಕ್ಸರನ್ನು ಕಣ್ಣಿಗೊತ್ತಿಕೊಂಡದ್ದು ನಾನು ನೋಡಿಲ್ಲ.

ಕೇಳುವ ಮನೆ

ಯುಮಿಕೊ ಹೇಳಿದ ಜಾಗ ಒಂದು ಕಾಫಿ ಅಂಗಡಿ. ಆದರೆ ಅಲ್ಲಿ ಜನ ಕಾಫಿಗೆ ಬರುವುದಿಲ್ಲ, ಹಾಡು ಕೇಳಲು ಬರುತ್ತಾರೆ. ಬಾಯಿ ಬಿಡುವ ಹಾಗಿಲ್ಲ. ಕಾಫಿ ಬೇಕಾದರೆ ಚೀಟಿಯಲ್ಲಿ ಬರೆಯಬೇಕು. ಚಮಚಕ್ಕೆ ಬಟ್ಟೆ ಸುತ್ತಿಟ್ಟಿದ್ದರು. ಇಪ್ಪತ್ತು ಕುರ್ಚಿ, ಎಲ್ಲದರ ಮುಖ ಗೋಡೆಗೆ. ಗೋಡೆಯ ಎಡಕ್ಕೊಂದು ಬಲಕ್ಕೊಂದು ಮರದ ಬಾಕ್ಸು, ನನ್ನೆತ್ತರ. ಅಂಥ ಬಾಕ್ಸನ್ನು ನಾನು ಚಿತ್ರದಲ್ಲಿಯೂ ನೋಡಿರಲಿಲ್ಲ. ಮಾಲೀಕರು ಎಪ್ಪತ್ತು ದಾಟಿದ ಅಜ್ಜ. ಕಿವಿ ಮುಚ್ಚುವಷ್ಟು ಬಿಳಿ ಕೂದಲು ಬಿಟ್ಟಿದ್ದರು. ಒಂದು ತಂಡಕ್ಕೆ ಒಂದು ಗಂಟೆ. ಮುಂದಿನ ತಂಡ ಆಗಲೇ ಹೊರಗೆ ಸಾಲು ನಿಂತಿತ್ತು.

ನನ್ನನ್ನು ಮಧ್ಯದ ಕುರ್ಚಿಗೆ ಕೂರಿಸಿ ಪದ್ಮ ಎಡಗಡೆ ಕೂತಳು. ಹಾಡು ಶುರುವಾಯಿತು. ಪದ್ಮ ಎರಡೂ ಕೈ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದಳು. ಅವಳ ಕೈ ಸುಮ್ಮನಿದ್ದದ್ದನ್ನು ನಾನು ನಿದ್ದೆಯಲ್ಲಿ ಬಿಟ್ಟರೆ ಆಗಲೇ ನೋಡಿದ್ದು.

ನಾನೂ ಕಣ್ಣು ಮುಚ್ಚಿದೆ. ಎರಡನೇ ಹಾಡಿಗೇ ಗೊತ್ತಾಯಿತು, ಬಲಗಡೆ ಬಾಕ್ಸು ಸರಿಯಿಲ್ಲ. ಎಡಗಡೆಯಿಂದ ಆಯಮ್ಮ ಹಾಡುತ್ತಿದ್ದಾಳೆ, ಬಲಗಡೆಯಿಂದ ಬರೀ ದಮ್ ದಮ್. ಒಳಗಿನ ಚಿಕ್ಕ ಸ್ಪೀಕರು ಸತ್ತಿದೆ, ಇಲ್ಲವೇ ವೈರು ಸಡಿಲ. ಸುತ್ತ ನೋಡಿದೆ. ಹದಿನೆಂಟು ಜನ ಜಪಾನಿನವರು ಅರ್ಧ ಹಾಡು ಕೇಳಿಕೊಂಡು ದೇವರ ಮುಂದೆ ಕೂತ ಹಾಗೆ ಕೂತಿದ್ದಾರೆ. ಪಾಪ, ಮರ್ಯಾದೆಯ ಜನ, ಹೇಳಲು ಸಂಕೋಚ ಎಂದುಕೊಂಡೆ. ಮೂರನೇ ಹಾಡು, ನಾಲ್ಕನೇ ಹಾಡು ತಡೆದುಕೊಂಡೆ. ಪದ್ಮ ಸಮುದ್ರ ದಾಟಿ ಬಂದು ಅರ್ಧ ಹಾಡು ಕೇಳುತ್ತಿದ್ದಾಳಲ್ಲ ಎಂದು ಹೊಟ್ಟೆ ಉರಿಯಿತು. ಇದು ಸತ್ಯ. ನಾನು ಎದ್ದದ್ದು ಅವಳಿಗೋಸ್ಕರವೇ.

ಏಳನೇ ಹಾಡಿನ ನಡುವೆ ಎದ್ದು ಬಲಗಡೆ ಬಾಕ್ಸಿನ ಹತ್ತಿರ ಹೋದೆ. ಇಪ್ಪತ್ತೈದು ವರ್ಷದಿಂದ ಪ್ರತಿ ಮದುವೆಯಲ್ಲೂ ಮಾಡುವ ಹಾಗೆ ಬಲಗಿವಿಯನ್ನು ಬಾಕ್ಸಿಗೆ ಒತ್ತಿದೆ. ದಮ್ ದಮ್. ಅನುಮಾನವೇ ಇಲ್ಲ. ಕೈ ಹಿಂದಕ್ಕೆ ಹಾಕಿದೆ. ವೈರು ಸಿಕ್ಕಿತು, ಬಿಗಿಮಾಡಲು ತಿರುಗಿಸಿದೆ, ಎರಡು ವೈರು ಒಂದಕ್ಕೊಂದು ತಾಗಿದವು. ಟಪ್ ಎಂದಿತು. ಹಾಡು ಪೂರ್ತಿ ನಿಂತುಹೋಯಿತು.

ಅಂಥ ನಿಶ್ಶಬ್ದವನ್ನು ನಾನು ಕೇಳಿಲ್ಲ. ಕ್ಯಾಸಂಬಳ್ಳಿಯಲ್ಲಾಗಿದ್ದರೆ ಇಷ್ಟರಲ್ಲಿ ಹತ್ತು ಜನ ನನ್ನ ವಂಶದ ಬಗ್ಗೆ ಮಾತಾಡುತ್ತಿದ್ದರು. ಇಲ್ಲಿ ಯಾರೂ ಕುರ್ಚಿ ಕೂಡ ಸರಿಸಲಿಲ್ಲ. ಅಜ್ಜ ಬಂದು ನನಗೇ ಬಗ್ಗಿ ನಮಸ್ಕಾರ ಮಾಡಿ, ವೈರು ಬಿಡಿಸಿ, ಹಳೇ ಕಾಲದ ಆಂಪ್ಲಿಫೈಯರ್ ಮುಂದೆ ಕೂತರು. ಅದು ತಣ್ಣಗಾಗಬೇಕು, ಮತ್ತೆ ಬಿಸಿಯಾಗಬೇಕು. ಅಷ್ಟರಲ್ಲಿ ಗಂಟೆ ಮುಗಿಯಿತು. ಜನ ಎದ್ದು, ಒಬ್ಬೊಬ್ಬರಾಗಿ ಅಜ್ಜನಿಗೆ ನಮಸ್ಕಾರ ಮಾಡಿ, ನನಗೂ ಮಾಡಿ ಹೊರಗೆ ಹೋದರು. ಎಂಟನೇ ಹಾಡೂ ಇಲ್ಲ, ಒಂಬತ್ತನೇ ಹಾಡೂ ಇಲ್ಲ. ಪದ್ಮ ಕುರ್ಚಿಯಲ್ಲೇ ಕೂತಿದ್ದಳು.

ಮುಂದಿನ ತಂಡ ಒಳಗೆ ಬರುವ ಮೊದಲು ಅಜ್ಜ ಒಂದು ತುಣುಕು ಹಾಡು ಹಾಕಿ, ನನ್ನ ಮೊಣಕೈ ಹಿಡಿದು ಬಲಗಡೆ ಬಾಕ್ಸಿನ ಹತ್ತಿರ ಕರೆದುಕೊಂಡು ಹೋದರು. ನನ್ನ ತಲೆಯನ್ನು ಮೆಲ್ಲಗೆ ತಿರುಗಿಸಿ ಎಡಗಿವಿಯನ್ನು ಅದಕ್ಕೆ ಇಡಿಸಿದರು. ಆಯಮ್ಮ ಹಾಡುತ್ತಿದ್ದಳು. ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ಮತ್ತೆ ತಲೆ ತಿರುಗಿಸಿ ಬಲಗಿವಿ ಇಡಿಸಿದರು. ಆಯಮ್ಮ ಹೊರಟುಹೋದಳು, ಡ್ರಮ್ಮು ಮಾತ್ರ ಇತ್ತು.

ಅಜ್ಜ ತಮ್ಮ ಬಿಳಿ ಕೂದಲು ಎತ್ತಿ ತೋರಿಸಿದರು. ಕಿವಿಯ ಹಿಂದೆ ಕಡಲೆಬೀಜದಷ್ಟು ಒಂದು ಕಿವಿ ಕೇಳಿಸುವ ಮಿಷನ್ನು ಕೂತಿತ್ತು. ಅವರೂ ನಲವತ್ತು ವರ್ಷ ನಾಟಕಮಂದಿರದಲ್ಲಿ ಸ್ಪೀಕರ್ ಪಕ್ಕ ನಿಂತವರಂತೆ. ಹೊರಗೆ ಕಾಯುತ್ತಿದ್ದ ಯುಮಿಕೊ ಒಳಗೆ ಬಂದು ಅದನ್ನು ಫೋನಿನಲ್ಲಿ ಬರೆದು ತೋರಿಸಿದರು. ನನಗೆ ಓದಲು ಸ್ವಲ್ಪ ಹೊತ್ತು ಬೇಕಾಯಿತು, ಕಣ್ಣು ಮಂಜಾಗಿತ್ತು.

ಮತ್ತೆ ರೈಲು

ರೈಲಿನಲ್ಲಿ ಪದ್ಮ ಎಡಗಡೆ ಕೂತಳು. ವಿಮಾನದಲ್ಲೂ ಎಡಗಡೆ, ಅಂಗಡಿಯಲ್ಲೂ ಎಡಗಡೆ, ಈಗ ಯೋಚಿಸಿದರೆ ಮನೆಯಲ್ಲೂ ಎಡಗಡೆ. ನನಗೆ ಆಗ ಹೊಳೆಯಿತು. ಆ ದೇಶದ ನಿಯಮ ಮುರಿದು ಪಿಸುಗುಟ್ಟಿದೆ, ‘ನಿಂಗೆ ಯಾವಾಗಿಂದ ಗೊತ್ತು?’

‘ಮೂರು ವರ್ಸ.’

‘ಏಳ್ಬಾರ್ದಾಗಿತ್ತಾ?’

‘ಏಳ್ದೆ. ಬಲಗಡೆ ನಿಂತ್ಕೊಂಡು ಮೆಲ್ಲಕ್ಕೆ ಏಳ್ದೆ. ನೀನು ಊಂ ಅಂದೆ.’

ನಗು ಬಂತು, ಅಳುವೂ ಬಂತು. ಸ್ಟೇಷನ್ನಿನ ಹಕ್ಕಿ ಕೂಗುತ್ತಲೇ ಇತ್ತು, ನನ್ನ ಎಡಗಿವಿಗೂ ಸಣ್ಣ ದನಿ ಹತ್ತಿರ ಬಂದರೆ ಮಾತ್ರ ಸಿಗುತ್ತಿತ್ತು. ಕ್ಯಾಸಂಬಳ್ಳಿಯ ಒಂದು ನಾಮಕರಣದಲ್ಲಿ ಮುದುಕರೆಲ್ಲ ಕುರ್ಚಿ ಎತ್ತಿಕೊಂಡು ದೂರ ಹೋಗಿ ಕೂತದ್ದು ನೆನಪಾಯಿತು. ನೆರಳಿಗೆ ಹೋದರು ಎಂದು ತಿಳಿದಿದ್ದೆ. ನನಗೆ ಕೇಳಿಸುತ್ತಿಲ್ಲ ಎಂದು ಕೀಚಲು ದನಿಯನ್ನು ಏರಿಸಿ ಏರಿಸಿ ಊರಿನ ಕಿವಿ ತೂತು ಮಾಡುತ್ತಿದ್ದೆ. ಯಾರಾದರೂ ಹೇಳಿದರೆ ‘ನಿಂಗೇನ್ ಗೊತ್ತು ಸೌಂಡು’ ಎನ್ನುತ್ತಿದ್ದೆ. ಕಿವಿಯೇ ಹೋದ ಮೇಲೆ ಮೈಕ್‌ಸೆಟ್ ನಾರಾಯಣಸ್ವಾಮಿಯಲ್ಲಿ ಇನ್ನೇನು ಉಳಿಯಿತು ಎಂದು ಹೆದರಿಕೆಯಾಯಿತು.

‘ಅದಿರ್ಲಿ’ ಎಂದಳು ಪದ್ಮ. ‘ನಿನ್ ಕಿವಿಗೆ ಮಿಷನ್ ಸಿಗ್ತೈತೆ. ನನ್ ಕೊನೇ ಆಡು ಓಯ್ತಲ್ಲ. ಧಾರೆ ಒತ್ತಲ್ಲಿ ಎದ್ದೋದೆ, ಇಲ್ಲೂ ಎದ್ದೋದೆ.’

‘ಸಿಡಿ ಐತಲ್ಲ. ಗೋಡೌನಲ್ಲಿ ನನ್ ಹಳೇ ಪ್ಲೇಯರ್ ಐತೆ. ಬಾಕ್ಸಲ್ಲಿ ಆಕ್ತೀನಿ.’

‘ಬೆಕ್ಕು ಕೂಗೋದಕ್ಕೆ ಬಾಕ್ಸ್ ಯಾಕೆ?’

ಅಕ್ಷರ ಬಿಡದೆ ಹೇಳಿದಳು. ನಾನು ತಲೆ ತಗ್ಗಿಸಿದೆ. ಎದುರಿನವರು ಜಪಾನಿ ಪದ್ಧತಿ ಕಲಿತಿದ್ದಾನೆ ಎಂದು ತಿಳಿದಿರಬೇಕು, ಅವರೂ ತಗ್ಗಿಸಿದರು.

ನಂದಿದುರ್ಗ

ನನ್ನ ಗೋಡೌನು ಇರುವುದು ನಂದಿದುರ್ಗದಲ್ಲಿ, ಬೆಟ್ಟದ್ದಲ್ಲ, ನಮ್ಮ ಪಕ್ಕದ ಮುಚ್ಚಿದ ಚಿನ್ನದ ಗಣಿಯದು, ಅಲ್ಲಿ ಕೂಲಿಯವರಿಗೆ ಕಟ್ಟಿದ ಹಳೇ ಲೈನುಮನೆಯೊಂದರಲ್ಲಿ. ಊರಿಗೆ ಬಂದ ಮೊದಲ ಭಾನುವಾರ ಮಧ್ಯಾಹ್ನ ಲೈನಿನ ಮುಂದಿನ ಬಯಲಿನಲ್ಲಿ, ಗಣಿಯ ಮಣ್ಣು ಸುರಿದು ಬೆಳೆದ ಸಯನೈಡ್ ಗುಡ್ಡಕ್ಕೆ ಮುಖ ಮಾಡಿ, ಎರಡು ದೊಡ್ಡ ಬಾಕ್ಸು ನಿಲ್ಲಿಸಿದೆ. ಕೊನೆಯ ಹಾಡು ಫೋನಿನಲ್ಲಿ ಸಿಗುತ್ತಿತ್ತು. ಪದ್ಮ ಅಲ್ಲಿಯವರೆಗೂ ಕೇಳದೆ ಇದ್ದಳು. ನಾನು ಮಾತು ಉಳಿಸಿಕೊಳ್ಳುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಳು.

ಎದುರುಮನೆಯ ತಮಿಳಿನ ಸೆಲ್ವಿ ಅಕ್ಕ ಬಾಗಿಲಿಗೆ ಬಂದರು. ‘ಎನ್ನ ಸ್ವಾಮಿ, ಯಾರ್ ಮನೇಲಿ ಕಲ್ಯಾಣಂ?’

‘ಕಲ್ಯಾಣ ಇಲ್ಲಕ್ಕ. ಪದ್ಮಂಗೆ ಒಂದ್ ಆಡು.’

‘ಒಂದ್ ಪಾಟ್ಟುಕ್ಕಾ ಇವ್ಳೋ ದೊಡ್ಡ ಬಾಕ್ಸು?’ ಎಂದು ಅವರು ಮೊದಲೇ ಎರಡೂ ಕಿವಿಗೆ ಬೆರಳು ತುರುಕಿಕೊಂಡರು. ಅನುಭವಸ್ಥರು.

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಮಿಕ್ಸರಿನ ಮುಂದೆ ಬೇರೆಯವರನ್ನು ನಿಲ್ಲಿಸಿದೆ. ‘ನಿಂಗೆ ಚೆನ್ನಾಗಿ ಕೇಳ್ಸೋವರ್ಗೂ ತಿರುಗ್ಸು’ ಎಂದು ಹೇಳಿ ಹೋಗಿ ಕುರ್ಚಿಯಲ್ಲಿ ಕೂತೆ. ಎದ್ದು ಹೋಗಬಾರದೆಂದು ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡೆ.

ಪದ್ಮ ಕೀಚಲಿನ ಗುಂಡಿಯನ್ನು ಇಳಿಸಿದಳು. ನನ್ನ ಪ್ರಾಣ ಹೋದ ಹಾಗಾಯಿತು. ಇನ್ನೂ ಇಳಿಸಿದಳು. ಅಲ್ಲಿಗೆ ನಿಲ್ಲಿಸಿ, ಪರ್ಸಿನಿಂದ ಉಗುರುಬಣ್ಣ ತೆಗೆದು ಆ ಜಾಗಕ್ಕೆ ಒಂದು ಕೆಂಪು ಚುಕ್ಕೆ ಇಟ್ಟಳು. ‘ಇದರ ಮೇಲಕ್ ಓದ್ರೆ ನೋಡು’ ಅಂದಳು. ಸೆಲ್ವಿ ಅಕ್ಕ ಒಂದು ಬೆರಳು ತೆಗೆದರು, ಆಮೇಲೆ ಇನ್ನೊಂದು. ಮೆಟ್ಟಿಲ ಮೇಲೆ ಕೂತರು.

ಬಯಲಿನಲ್ಲಿ ಅಷ್ಟು ದೂರ ಕೂತಿದ್ದ ನನಗೆ ದಮ್ ದಮ್ ಮಾತ್ರ ಚೆನ್ನಾಗಿ ಸಿಕ್ಕಿತು. ಆಯಮ್ಮ ಎಲ್ಲೋ ಗುಡ್ಡದ ಆಚೆ ಇದ್ದಳು. ಪದ್ಮ ಕಣ್ಣು ಮುಚ್ಚಿ ನಿಂತು ಪೂರ್ತಿ ಹಾಡು ಕೇಳಿದಳು. ಎರಡೂ ಕಿವಿಯಲ್ಲಿ. ಕೆನ್ನೆ ಒರೆಸಿಕೊಂಡು ಅದನ್ನೇ ಇನ್ನೊಂದು ಸಲ ಹಾಕಿ, ಬಂದು ನನ್ನ ಎಡಗಡೆ ಕೂತಳು.

‘ಕೇಳಿಸ್ತಾ?’

‘ಇಲ್ಲ’ ಅಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ಎಡಗಿವಿಯ ಹತ್ತಿರ ಬಾಯಿ ತಂದು, ಡ್ರಮ್ಮಿಗೆ ಸರಿಯಾಗಿ, ಆಯಮ್ಮನ ಹಿಂದೆ ಹಿಂದೆಯೇ ಹಾಡಿದಳು. ಒಂದು ಮಾತಿನ ಅರ್ಥವೂ ಇಬ್ಬರಿಗೂ ಗೊತ್ತಿಲ್ಲ. ಒಂದು ಸಲ ಕೇಳಿದ ಹಾಡು, ಅಲ್ಲಲ್ಲಿ ಮರೆತು ಬರೀ ರಾಗ ಎಳೆದಳು.

ಮುಂದಿನ ತಿಂಗಳು ಕೋಲಾರದಲ್ಲಿ ಕಿವಿ ತೋರಿಸಬೇಕು, ಪದ್ಮ ಆಗಲೇ ದಿನ ಗೊತ್ತುಮಾಡಿದ್ದಾಳೆ. ಮಿಷನ್ನು ಬಂದ ಮೇಲೆ ಆಯಮ್ಮ ಹಾಡಿದ್ದು ಹೇಗಿದೆ ಎಂದು ಹೇಳಬಲ್ಲೆ. ಸದ್ಯಕ್ಕೆ ನನಗೆ ಗೊತ್ತಿರುವುದು ಪದ್ಮ ಹಾಡಿದ್ದು. ಶ್ರುತಿ ಸ್ವಲ್ಪ ತಪ್ಪಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದೆ.